ಬೀದಿಯ ಕಸ ಮತ್ತು ಊರಿನ ಕಟ್ಟಳೆ

ಇಂದು ನ್ಯೂಯಾರ್ಕ್ ಎಂದು ಲೋಕಪ್ರಸಿದ್ಧವಾಗಿರುವ ಮಹಾನಗರವು ಹದಿನೇಳನೆಯ ಶತಮಾನದಲ್ಲಿ ಒಂದು ಸಣ್ಣ ಊರಾಗಿತ್ತು. ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣ ತುದಿಯಲ್ಲಿ ಡಚ್ ವೆಸ್ಟ್ ಇಂಡಿಯಾ ಕಂಪನಿಯವರು ನೆಲೆಗೊಳಿಸಿದ ಈ ಊರಿಗೆ ಆಗ ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಹೆಸರು. 1653ರಲ್ಲಿ ಅದಕ್ಕೆ ತನ್ನದೇ ಆದ ಪೌರಾಡಳಿತ ದೊರೆಯಿತು. 1660ರ ವೇಳೆಗೂ ಅಲ್ಲಿದ್ದ ಮನೆಗಳು 300ಕ್ಕೆ ಸ್ವಲ್ಪ ಮೇಲ್ಪಟ್ಟು, ಅಷ್ಟೆ.

ಊರು ಚಿಕ್ಕದಾದರೂ ಕಸದ ಸಮಸ್ಯೆ ಚಿಕ್ಕದಾಗಿರಲಿಲ್ಲ. ಬೂದಿ, ಸಿಂಪಿ ಚಿಪ್ಪು, ಸತ್ತ ಪ್ರಾಣಿಗಳು, ಎಲ್ಲವೂ ಬೀದಿಗೇ ಬೀಳುತ್ತಿದ್ದವು. ಊರ ನಡುವಣ ಕಾಲುವೆಯೂ ಇದಕ್ಕೆ ಹೊರತಾಗಿರಲಿಲ್ಲ. ಬಿಡಾಡಿ ಹಂದಿಗಳು ಬೀದಿಯನ್ನಷ್ಟೇ ಅಲ್ಲದೆ ಕೋಟೆಯ ಮಣ್ಣಿನ ಗೋಡೆಯನ್ನೂ ಕೆದಕಿ ಕೆಡಿಸುತ್ತಿದ್ದವು. ಕಸವನ್ನು ಹೊರಗೆಸೆದವನಿಗೆ ತನ್ನ ಮನೆ ಶುದ್ಧವಾದ ಸಮಾಧಾನ. ಅದರ ದುಷ್ಫಲವಾದರೋ ಊರಿಗೆಲ್ಲ ಸಮಪಾಲು.

1657ರ ಫೆಬ್ರವರಿಯಲ್ಲಿ ಪೌರಾಧಿಕಾರಿಗಳು ಒಂದು ಕಟ್ಟಳೆಯನ್ನು ಹೊರಡಿಸಿದರು. ಬೀದಿಗಾಗಲೀ ಕಾಲುವೆಗಾಗಲೀ ಕಸ ಎಸೆಯಕೂಡದು, ತಪ್ಪಿದವರಿಗೆ ದಂಡ ಎಂಬುದು ಅದರ ಮೊದಲ ಮಾತು. ಅಷ್ಟಕ್ಕೇ ನಿಂತಿದ್ದರೆ ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಕಸವನ್ನು ಒಯ್ದು ಹಾಕಬೇಕಾದ ಸ್ಥಳಗಳನ್ನೂ ಕಟ್ಟಳೆ ಹೆಸರಿಸಿತು: ಸಮುದ್ರದಂಡೆ, ಪುರಭವನದ ಸಮೀಪ, ಗಲ್ಲುಗಂಬದ ಬಳಿ, ಒಬ್ಬ ರೊಟ್ಟಿಗಾರನ ಮನೆಯ ಹತ್ತಿರ. ಅಲ್ಲೆಲ್ಲ ಗುರುತಿನ ಚಿಹ್ನೆ ಇಡುವುದಾಗಿಯೂ ತಿಳಿಸಿತು. ಮನೆಯೊಡೆಯನಿರಲಿ, ಬಾಡಿಗೆದಾರನಿರಲಿ, ಪ್ರತಿಯೊಬ್ಬನೂ ತನ್ನ ಮನೆಯ ಮುಂದಿನ ಬೀದಿಯನ್ನು ಶುಚಿಯಾಗಿಡಬೇಕೆಂದು ವಿಧಿಸಿತು. ನಿಷೇಧ, ಪರ್ಯಾಯ, ಹೊಣೆ: ಈ ಮೂರೂ ಒಂದೇ ಕಟ್ಟಳೆಯಲ್ಲಿ ಕೂಡಿಬಂದುದೇ ಅದರ ಹಿರಿಮೆ.

1658ರಲ್ಲಿ ಬೀದಿಗೆ ತೆರೆದುಕೊಂಡಿದ್ದ ಶೌಚಗೃಹಗಳನ್ನು ತೆಗೆಯುವಂತೆ ಆಜ್ಞೆಯಾಯಿತು. ಅದೇ ವರ್ಷ ಬ್ರೌವರ್ ಬೀದಿಗೆ ಕಲ್ಲು ಹಾಸಲಾಯಿತು. ಅದರ ವೆಚ್ಚವನ್ನು ಆ ಬೀದಿಯ ನಿವಾಸಿಗಳೇ ಹೊತ್ತರು. ಇಂದಿಗೂ ಅದು ಸ್ಟೋನ್ ಸ್ಟ್ರೀಟ್, ಅಂದರೆ ಕಲ್ಲುಬೀದಿ, ಎಂದೇ ಕರೆಯಿಸಿಕೊಳ್ಳುತ್ತದೆ.

ಆದರೆ ಕಟ್ಟಳೆಯೊಂದರಿಂದಲೇ ಊರು ಶುದ್ಧವಾಗಲಿಲ್ಲ. 1664ರಲ್ಲಿ ಊರು ಇಂಗ್ಲಿಷರ ವಶವಾಗಿ ನ್ಯೂಯಾರ್ಕ್ ಎನಿಸಿತು. ದುರ್ವಾಸನೆಯ ಆ ಕಾಲುವೆಯನ್ನು 1676ರಲ್ಲಿ ಮುಚ್ಚಬೇಕಾಯಿತು. ಹಂದಿಗಳಂತೂ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಬೀದಿಗಳಲ್ಲಿ ತಿರುಗುತ್ತಲೇ ಇದ್ದವು. ಊರು ಬೆಳೆದಂತೆ ನೆರೆಯವನು ಅಪರಿಚಿತನಾದನು. ಯಾರ ಮನೆಯ ಮುಂದೆ ಯಾರ ಕಸವೆಂಬುದೂ ತಿಳಿಯದಂತಾಯಿತು. 1895ರಲ್ಲಿ ಜಾರ್ಜ್ ವೇರಿಂಗ್ ಬೀದಿ ಶುಚೀಕರಣದ ಹೊಣೆ ಹೊತ್ತು, ಕೆಲಸಗಾರರಿಗೆ ಬಿಳಿಯ ಸಮವಸ್ತ್ರ ತೊಡಿಸಿ, ಮಕ್ಕಳ ಸಂಘಗಳನ್ನೂ ಕಟ್ಟಿದ ಮೇಲೆಯೇ ನಗರದ ಬೀದಿಗಳ ಸ್ಥಿತಿ ಎದ್ದುಕಾಣುವಂತೆ ಸುಧಾರಿಸಿತು. ಕಸ ಗುಡಿಸುವವನ ಕೆಲಸಕ್ಕೆ ಗೌರವ ಸಿಕ್ಕಿದ್ದೂ ಆಗಲೇ.

ಆದುದರಿಂದ ಸಣ್ಣ ಸಮುದಾಯಕ್ಕೊಂದು ಅನುಕೂಲವಿದೆ. ಅಲ್ಲಿ ಪ್ರತಿಯೊಬ್ಬನ ಹೊಸ್ತಿಲೂ ಎಲ್ಲರಿಗೂ ಪರಿಚಿತ. ದಂಡದ ಭಯಕ್ಕಿಂತ ನೆರೆಯವರ ಮುಖದ ದಾಕ್ಷಿಣ್ಯವೇ ಹೆಚ್ಚು. ಆದರೆ ಅಂತಹ ಸಮುದಾಯವೂ ಎಲ್ಲಿ ಹಾಕಬಾರದೆಂದು ವಿಧಿಸುವುದರ ಜೊತೆಗೆ ಎಲ್ಲಿ ಹಾಕಬೇಕೆಂಬುದನ್ನು ತೋರಿಸಿಕೊಡಬೇಕು. ದಾರಿ ತೋರದೆ ದಂಡ ವಿಧಿಸುವುದು ನ್ಯಾಯವಲ್ಲ; ದಾರಿ ತೋರಿದ ಮೇಲೂ ಬೀದಿಗೆಸೆಯುವುದು ಧರ್ಮವಲ್ಲ.