ಓಖ್ಲಾ: ಒಡ್ಡು ಕಟ್ಟಿದ ಊರಿಗೆ ಹಕ್ಕಿಗಳು ಬಂದ ಕಥೆ

ಯಮುನೆ ದೆಹಲಿಯನ್ನು ದಾಟಿ ಹೊರಡುವ ಆಗ್ನೇಯ ಅಂಚಿನಲ್ಲಿ ಓಖ್ಲಾ ಇದೆ. ಪಶ್ಚಿಮದ ದಡ ದೆಹಲಿಯದು, ಪೂರ್ವದ ದಡ ಉತ್ತರ ಪ್ರದೇಶದ ನೋಯ್ಡಾದ್ದು. ಆಗ್ರಾ ಕಾಲುವೆಗೆ ನೀರು ತಿರುಗಿಸಲು ಬ್ರಿಟಿಷರು ಇಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು. 1874ರಲ್ಲಿ ಕಾಲುವೆಗೆ ನೀರು ಹರಿಯಿತು. ಸುಮಾರು 730 ಮೀಟರ್ ಉದ್ದದ ಆ ಒಡ್ಡಿಗೆ ಬಂಡೆಯ ಬುನಾದಿ ಇರಲಿಲ್ಲ, ನಯವಾದ ಮರಳಿನ ಮೇಲೆಯೇ ಅದು ನಿಂತಿತ್ತು. ಉತ್ತರ ಭಾರತದಲ್ಲಿ ಅಂಥ ಸಾಹಸ ಅದೇ ಮೊದಲು. ಮುಂದೆ ದೆಹಲಿಯ ಮನೆಮಂದಿ ಬುತ್ತಿ ಕಟ್ಟಿಕೊಂಡು ವಿಹಾರಕ್ಕೆ ಬರುವ ಜಾಗವೂ ಇದಾಯಿತು.

1935ರಲ್ಲಿ ಜಾಮಿಯಾ ಮಿಲಿಯಾ ಇಸ್ಲಾಮಿಯಾ ವಿದ್ಯಾಸಂಸ್ಥೆ ಇಲ್ಲಿ ತನ್ನ ಕಟ್ಟಡಕ್ಕೆ ಅಡಿಗಲ್ಲು ಹಾಕಿತು. 1976ರಲ್ಲಿ ಆಚೆ ದಡದಲ್ಲಿ ನೋಯ್ಡಾ ಹುಟ್ಟಿತು. 1980ರ ದಶಕದಲ್ಲಿ ಹಳೆಯ ಒಡ್ಡಿನ ಕೆಳಗೆ ಹೊಸ ಬ್ಯಾರೇಜು ಎದ್ದಿತು. ಅದರ ಹಿಂದೆ ನೀರು ನಿಂತು ಹೂಳು ಕೂತಿತು, ದಿಬ್ಬಗಳು ಎದ್ದವು, ಜೊಂಡು ಬೆಳೆಯಿತು. ಆಳದ ನೀರು, ಕೆಸರು, ಹುಲ್ಲು ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಬಗೆಬಗೆಯ ಹಕ್ಕಿಗಳು ಬಂದವು. 1990ರಲ್ಲಿ ಉತ್ತರ ಪ್ರದೇಶ ಸರ್ಕಾರ ಸುಮಾರು 4 ಚದರ ಕಿಲೋಮೀಟರ್ ಜಾಗವನ್ನು ಪಕ್ಷಿಧಾಮವೆಂದು ಘೋಷಿಸಿತು. ಇಲ್ಲಿ ದಾಖಲಾದ ಹಕ್ಕಿಗಳ ಪಟ್ಟಿ 300 ದಾಟುತ್ತದೆ.

ನೋಡಲು ಹೋಗುವವರಿಗೆ ಡಿಸೆಂಬರ್, ಜನವರಿಯ ಬೆಳಗು ಒಳ್ಳೆಯದು. 2017ರ ಡಿಸೆಂಬರ್‌ನಲ್ಲಿ ಶುರುವಾದ ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ ಪಕ್ಷಿಧಾಮದ ಹೆಸರಿನದೇ ನಿಲ್ದಾಣವಿದೆ. ಮಂಜು ಕರಗುವವರೆಗೆ ಏರಿಯ ಮೇಲೆ ನಡೆಯುತ್ತಾ ಕಿವಿಗೊಡಬೇಕು, ಬಿಸಿಲೇರಿದ ಮೇಲೆ ದುರ್ಬೀನು ಎತ್ತಬೇಕು. ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿ ಎಳೆಯ ದಂಟನ್ನು ಕಿತ್ತು, ಕಾಲ್ಬೆರಳುಗಳಲ್ಲಿ ಹಿಡಿದೆತ್ತಿ ಕೊಕ್ಕಿನಿಂದ ಸಿಪ್ಪೆ ಸುಲಿದು ತಿನ್ನುತ್ತದೆ. ಹಣೆಯಲ್ಲಿ ಬಿಳಿ ನಾಮವಿರುವ ನಾಮದ ಕೋಳಿ ನೀರಿನ ಮೇಲೆ ಪಟಪಟನೆ ಓಡಿಯೇ ಹಾರಬೇಕು. ಅಗಲ ಕೊಕ್ಕಿನ ಚಲುಕದ ಬಾತು ಕೆಸರುನೀರನ್ನು ಜರಡಿ ಹಿಡಿದು ಕಾಳು, ಹುಳ ಹೆಕ್ಕುತ್ತದೆ.

ಕರಾವಳಿಯವರಿಗೆ ಇಲ್ಲೊಂದು ಪರಿಚಿತ ಮುಖವೂ ಉಂಟು. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಗಳ ಹಿಂದೆ ಹಾರುವ ಕಂದುತಲೆಯ ಕಡಲಹಕ್ಕಿ, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಯಮುನೆಗೂ ಬರುತ್ತದೆ. ಟಿಬೆಟಿನ ಪ್ರಸ್ಥಭೂಮಿಯ ಸರೋವರಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಇಳಿಯುವ ಹಕ್ಕಿ ಅದು. ಆಗ ತಲೆ ಬೆಳ್ಳಗಾಗಿ ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಮಾತ್ರ ಉಳಿದಿರುತ್ತದೆ. ಕಾಶ್ಮೀರಿ ಗೇಟ್ ಬಳಿಯ ಯಮುನಾ ಘಾಟಿನಲ್ಲಿ ಜನ ದೋಣಿಯೇರಿ ಇವಕ್ಕೆ ಸೇವು, ಖಾರ ಎಸೆಯುತ್ತಾರೆ. ಪ್ರೀತಿ ದೊಡ್ಡದು, ಆದರೆ ಉಪ್ಪು-ಎಣ್ಣೆಯ ತಿಂಡಿ ಮೀನು ತಿನ್ನುವ ಹಕ್ಕಿಯ ಆಹಾರವಲ್ಲ. ಬರಿಗೈಯಲ್ಲಿ ಹೋಗಿ ಕಣ್ತುಂಬ ನೋಡಿದರೆ ಸಾಕು.

ಆದರೆ ಈ ಹಕ್ಕಿಗಳು ನೆಚ್ಚಿದ ನೀರು ಶುದ್ಧವಲ್ಲ. ನದಿಯ ಮೇಲ್ಗಡೆ, ವಜೀರಾಬಾದಿನಲ್ಲಿ ಕುಡಿಯುವ ನೀರಿಗಾಗಿ ನದಿಯನ್ನು ತಡೆಯುತ್ತಾರೆ. ಅಲ್ಲಿಂದ ಓಖ್ಲಾದವರೆಗಿನ 22 ಕಿಲೋಮೀಟರ್‌ನಲ್ಲಿ, ಮಳೆಗಾಲ ಬಿಟ್ಟರೆ, ಹರಿಯುವುದು ಬಹುಪಾಲು ನಜಫ್‌ಗಢದಂಥ ನಾಲೆಗಳ ಕೊಳಚೆ. ಸಾಬೂನು, ಮಾರ್ಜಕಗಳು ಬೆರೆತ ಆ ನೀರು ಬ್ಯಾರೇಜಿನ ಬಾಗಿಲಿಂದ ಧುಮುಕಿದಾಗ ಬಿಳಿ ನೊರೆ ಏಳುತ್ತದೆ. ಛಠ್ ಪೂಜೆಯ ದಿನಗಳಲ್ಲಿ ದೇಶವೆಲ್ಲ ನೋಡುವ ನೊರೆ ಅದೇ. ಪಕ್ಷಿಧಾಮಕ್ಕೆ ಬೇಲಿ ಹಾಕಬಹುದು, ನೀರಿಗೆ ಹಾಕಲಾಗದು. ಓಖ್ಲಾದ ಹಕ್ಕಿಗಳನ್ನು ಉಳಿಸುವ ಕೆಲಸ ಮೇಲಿನ ನಾಲೆಗಳ ಕೊಳಚೆಯನ್ನು ಶುದ್ಧಮಾಡಿ ನದಿಗೆ ಬಿಡುವುದರಿಂದಲೇ ಶುರುವಾಗಬೇಕು.