ಹಳೆಯ ಕಂಪ್ಯೂಟರ್ ದಾನ ಕೊಡುವ ಮುನ್ನ: ಡಿಲೀಟ್ ಮಾಡಿದರೆ ಸಾಕೇ, ಹಾರ್ಡ್ ಡಿಸ್ಕ್ ಒಡೆಯಲೇಬೇಕೇ?

ಹಳೆಯ ಕಂಪ್ಯೂಟರನ್ನು ಯಾರಿಗಾದರೂ ಕೊಡುವ ಮುನ್ನ ಅದರ ಹಾರ್ಡ್ ಡಿಸ್ಕ್‌ಗೆ ಏನು ಮಾಡಬೇಕು? ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಸಿಗುತ್ತದೆ. ‘ಫೈಲ್‌ಗಳನ್ನು ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿ, ಮುಗಿಯಿತು’ ಎಂಬುದು ಒಂದು. ‘ಏನೇ ಮಾಡಿದರೂ ಹ್ಯಾಕರ್‌ಗಳು ಎಲ್ಲವನ್ನೂ ವಾಪಸ್ ತೆಗೆಯುತ್ತಾರೆ, ಸುತ್ತಿಗೆಯಿಂದ ಒಡೆದು ಹಾಕಿ’ ಎಂಬುದು ಇನ್ನೊಂದು.

ಮೊದಲನೆಯದನ್ನು ನಂಬಿದರೆ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯವರ ಫೋಟೊಗಳು ಅಪರಿಚಿತರ ಕೈ ಸೇರಬಹುದು. ಎರಡನೆಯದನ್ನು ನಂಬಿದರೆ, ಒಂದು ಶಾಲೆಯ ಮಕ್ಕಳು ಟೈಪಿಂಗ್ ಕಲಿಯಲು ಬಳಸಬಹುದಾಗಿದ್ದ ಕಂಪ್ಯೂಟರ್ ಅಟ್ಟದ ಮೇಲೆ ಧೂಳು ತಿನ್ನುತ್ತದೆ, ಇಲ್ಲವೇ ಡಿಸ್ಕ್ ಇಲ್ಲದ ಖಾಲಿ ಡಬ್ಬವಾಗಿ ಶಾಲೆಗೆ ಹೋಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲಾಗದ ಎಷ್ಟೋ ಕಂಪ್ಯೂಟರ್‌ಗಳು ಈಗ ಕೈ ಬದಲಾಯಿಸುತ್ತಿವೆ. ಹಾಗಾಗಿ ಈ ಎರಡೂ ಮಾತುಗಳಲ್ಲಿ ಎಷ್ಟು ನಿಜವಿದೆ ಎಂದು ನಾವು ಪರಿಶೀಲಿಸಿದ್ದೇವೆ.

ಸಂಕ್ಷಿಪ್ತವಾಗಿ

- ಡಿಲೀಟ್ ಮಾಡುವುದು, ಕ್ವಿಕ್ ಫಾರ್ಮ್ಯಾಟ್ ಮಾಡುವುದು ಎರಡೂ ಸಾಲದು.
- ಹಾರ್ಡ್ ಡಿಸ್ಕ್ ಒಡೆಯುವ ಅಗತ್ಯವಿಲ್ಲ. ಇಡೀ ಡಿಸ್ಕ್ ಮೇಲೆ ಒಂದು ಬಾರಿ ಹೊಸದಾಗಿ ಬರೆಯಿಸಿದರೆ ಸಾಕು.
- ಎಸ್‌ಎಸ್‌ಡಿ ಇದ್ದರೆ ವಿಧಾನ ಸ್ವಲ್ಪ ಬೇರೆ.
- ಆನ್ ಆಗದ, ಕೆಟ್ಟುಹೋದ ಡಿಸ್ಕನ್ನು ಮಾತ್ರ ಒಡೆಯಬೇಕು.

ಡಿಲೀಟ್ ಮಾಡಿದಾಗ ನಿಜವಾಗಿ ಏನಾಗುತ್ತದೆ?

ಯಾವ ಫೈಲ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದನ್ನು ಕಂಪ್ಯೂಟರ್ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ನಾವು ಫೈಲ್ ಡಿಲೀಟ್ ಮಾಡಿದಾಗ ಆ ಪಟ್ಟಿಯಲ್ಲಿ ‘ಈ ಜಾಗ ಖಾಲಿ ಇದೆ’ ಎಂಬ ಗುರುತು ಬೀಳುತ್ತದೆ, ಅಷ್ಟೆ. ಫೈಲಿನ ಒಳಗಿನ ಮಾಹಿತಿ ಇದ್ದಲ್ಲೇ ಇರುತ್ತದೆ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಮಾಯವಾಗುವುದಿಲ್ಲವಲ್ಲ, ಹಾಗೆ.

ಆ ಜಾಗದಲ್ಲಿ ಬೇರೆ ಫೈಲ್ ಬಂದು ಕೂತಾಗ ಮಾತ್ರ ಹಳೆಯದು ಅಳಿಯುತ್ತದೆ. ಅದು ನಾಳೆಯೇ ಆಗಬಹುದು, ವರ್ಷಗಟ್ಟಲೆ ಆಗದೆಯೂ ಇರಬಹುದು. ಅಲ್ಲಿಯವರೆಗೆ ರೆಕುವಾ, ಫೋಟೊರೆಕ್‌ನಂತಹ ಉಚಿತ ಸಾಫ್ಟ್‌ವೇರ್ ಬಳಸಿ ಯಾರು ಬೇಕಾದರೂ ಅದನ್ನು ಹೊರತೆಗೆಯಬಹುದು. ಇದಕ್ಕೆ ಹ್ಯಾಕರ್ ಆಗಿರಬೇಕಿಲ್ಲ. ತಪ್ಪಿ ಡಿಲೀಟ್ ಆದ ಮದುವೆ ಫೋಟೊಗಳನ್ನು ಕಂಪ್ಯೂಟರ್ ಅಂಗಡಿಯವರು ವಾಪಸ್ ತೆಗೆದುಕೊಡುವುದೂ ಹೀಗೆಯೇ.

ಕ್ವಿಕ್ ಫಾರ್ಮ್ಯಾಟ್ ಕೂಡ ಆ ಪಟ್ಟಿಯನ್ನಷ್ಟೇ ಹೊಸದಾಗಿ ಮಾಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಯಾವ ಫಾರ್ಮ್ಯಾಟ್ ಕೂಡ ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿರಲು ಸಾಧ್ಯವಿಲ್ಲ.

ಇದು ಬರೀ ಹೆದರಿಕೆಯೇ?

ಅಲ್ಲ. ಅಮೆರಿಕದ ಎಂಐಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಅವರು 2000ರಿಂದ 2002ರ ನಡುವೆ 158 ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರಿಶೀಲಿಸಿದರು. ಅವುಗಳಲ್ಲಿ 129 ಕೆಲಸ ಮಾಡುತ್ತಿದ್ದವು. ಸರಿಯಾಗಿ ಅಳಿಸಿದ್ದು ಕೇವಲ 12. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್‌ಗಳು, ಖಾಸಗಿ ಪತ್ರಗಳು, ವೈದ್ಯಕೀಯ ವಿವರಗಳು ಸಿಕ್ಕವು. ಒಂದು ಡಿಸ್ಕ್ ಎಟಿಎಂ ಯಂತ್ರದಿಂದ ಬಂದಂತಿತ್ತು. ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು.

ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿವೆ. ಹಣಕಾಸು ಸಂಸ್ಥೆ ಮಾರ್ಗನ್ ಸ್ಟಾನ್ಲಿ ತನ್ನ ಹಳೆಯ ಸರ್ವರ್ ಮತ್ತು ಹಾರ್ಡ್ ಡಿಸ್ಕ್‌ಗಳ ವಿಲೇವಾರಿಯನ್ನು ಈ ಕೆಲಸದ ಅನುಭವವೇ ಇಲ್ಲದ, ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ ಒಪ್ಪಿಸಿತ್ತು. ಅವುಗಳಲ್ಲಿ ಕೆಲವು ಗ್ರಾಹಕರ ಮಾಹಿತಿಯ ಸಮೇತ ಆನ್‌ಲೈನ್ ಹರಾಜಿನಲ್ಲಿ ಮಾರಾಟವಾದವು. ಸುಮಾರು 1.5 ಕೋಟಿ ಗ್ರಾಹಕರ ಮಾಹಿತಿಯನ್ನು ಕಾಪಾಡಲಿಲ್ಲವೆಂದು ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ 3.5 ಕೋಟಿ ಡಾಲರ್ ದಂಡ ವಿಧಿಸಿತು.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಷ್ಟು ದೊಡ್ಡ ಗುಟ್ಟು ಏನಿದೆ ಎಂದು ಅನ್ನಿಸಬಹುದು. ಆಧಾರ್, ಪ್ಯಾನ್ ಪ್ರತಿಗಳು, ಆದಾಯ ತೆರಿಗೆ ರಿಟರ್ನ್, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಮಕ್ಕಳ ಅಂಕಪಟ್ಟಿ, ಫೋನಿನಿಂದ ಇಳಿಸಿಟ್ಟ ಫೋಟೊಗಳು ಇವೆಲ್ಲ ಒಂದೇ ಕಡೆ ಸಿಕ್ಕರೆ ನಿಮ್ಮ ಹೆಸರಿನಲ್ಲಿ ವಂಚನೆ ಮಾಡುವವರಿಗೆ ಬೇಕಾದದ್ದೆಲ್ಲ ಸಿಕ್ಕಂತೆ.

ಹಾಗಾದರೆ ಒಡೆಯಲೇಬೇಕೇ?

ಕೆಲಸ ಮಾಡುವ ಹಾರ್ಡ್ ಡಿಸ್ಕನ್ನು ಒಡೆಯಬೇಕಿಲ್ಲ. ಇಡೀ ಡಿಸ್ಕ್ ಮೇಲೆ, ಖಾಲಿ ಎಂದು ತೋರಿಸುವ ಜಾಗವನ್ನೂ ಸೇರಿಸಿ, ಸೊನ್ನೆಗಳನ್ನು ಬರೆಯಿಸಿದರೆ ಹಳೆಯ ಮಾಹಿತಿ ಹೋಗುತ್ತದೆ. ಇದನ್ನು ‘ಓವರ್‌ರೈಟ್’ ಎನ್ನುತ್ತಾರೆ.

‘35 ಬಾರಿ ಅಳಿಸಬೇಕು’ ಎಂಬ ಮಾತನ್ನೂ ನೀವು ಕೇಳಿರಬಹುದು. ಇದರ ಮೂಲ 1996ರಲ್ಲಿ ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ ಬರೆದ ಒಂದು ಪ್ರಬಂಧ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಹಲವು ಬಗೆಯ ಡಿಸ್ಕ್‌ಗಳಿಗೆ ಬೇಕಾದ ಕ್ರಮಗಳನ್ನೆಲ್ಲ ಒಟ್ಟು ಸೇರಿಸಿದಾಗ 35 ಆಗಿತ್ತು. ಯಾವುದೇ ಒಂದು ಡಿಸ್ಕ್‌ಗೆ ಅಷ್ಟೂ ಬೇಕಿಲ್ಲ ಎಂದು ನಂತರ ಅವರೇ ಸ್ಪಷ್ಟಪಡಿಸಿದ್ದಾರೆ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2014ರ ತನ್ನ ಮಾರ್ಗಸೂಚಿಯಲ್ಲಿ, ಹಾರ್ಡ್ ಡಿಸ್ಕ್ ಮೇಲೆ ಒಂದೇ ಒಂದು ಬಾರಿ ಸೊನ್ನೆಗಳನ್ನು ಬರೆದರೂ ಪ್ರಯೋಗಾಲಯದ ಅತ್ಯಾಧುನಿಕ ವಿಧಾನಗಳಿಂದಲೂ ಮಾಹಿತಿ ಹೊರತೆಗೆಯುವುದು ಸಾಮಾನ್ಯವಾಗಿ ಆಗದು ಎಂದು ಹೇಳಿದೆ.

ಎಸ್‌ಎಸ್‌ಡಿ ಇದ್ದರೆ?

ಈಚಿನ ವರ್ಷಗಳ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರುತ್ತದೆ. ಇದರ ಚಿಪ್‌ಗಳ ಮೇಲೆ ಒಂದೇ ಜಾಗದಲ್ಲಿ ಪದೇಪದೇ ಬರೆದರೆ ಆ ಜಾಗ ಬೇಗ ಸವೆಯುತ್ತದೆ. ಅದನ್ನು ತಪ್ಪಿಸಲು ಎಸ್‌ಎಸ್‌ಡಿ ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಬರೆಯುತ್ತದೆ. ನಾವು ‘ಇದರ ಮೇಲೆ ಬರೆ’ ಎಂದರೂ ಅದು ಪಕ್ಕದಲ್ಲಿ ಬರೆದು, ಹಳೆಯದನ್ನು ಸ್ವಲ್ಪ ಕಾಲ ಹಾಗೆಯೇ ಬಿಟ್ಟಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು 2011ರಲ್ಲಿ ಇದನ್ನು ಪರೀಕ್ಷಿಸಿದಾಗ, ಒಂದೊಂದೇ ಫೈಲನ್ನು ಓವರ್‌ರೈಟ್ ಮಾಡುವ ವಿಧಾನಗಳು ಎಸ್‌ಎಸ್‌ಡಿಯಲ್ಲಿ ನಂಬಿಕೆಗೆ ಯೋಗ್ಯವಲ್ಲ ಎಂದು ಕಂಡುಬಂತು.

ಇದಕ್ಕೆ ಎರಡು ದಾರಿಗಳಿವೆ. ಒಂದು, ಎಸ್‌ಎಸ್‌ಡಿ ತಯಾರಕರ ಜಾಲತಾಣದಲ್ಲಿ ಸಿಗುವ ಉಚಿತ ಸಾಫ್ಟ್‌ವೇರಿನಲ್ಲಿ ಅಥವಾ ಕಂಪ್ಯೂಟರಿನ ಬಯೋಸ್‌ನಲ್ಲಿ ಇರುವ ‘ಸೆಕ್ಯೂರ್ ಎರೇಸ್’ ಆಯ್ಕೆ. ಇನ್ನೊಂದು, ಎನ್‌ಕ್ರಿಪ್ಷನ್. ಇಡೀ ಡ್ರೈವ್ ಅನ್ನು ಬಿಟ್‌ಲಾಕರ್‌ನಂತಹ ವ್ಯವಸ್ಥೆಯಿಂದ ಎನ್‌ಕ್ರಿಪ್ಟ್ ಮಾಡಿದರೆ ಒಳಗಿನದೆಲ್ಲ ಬೀಗ ಹಾಕಿದಂತಾಗುತ್ತದೆ. ಆಮೇಲೆ ರೀಸೆಟ್ ಮಾಡಿದಾಗ ಅದರ ಕೀಲಿ ನಾಶವಾಗುತ್ತದೆ. ಯಾವುದೋ ಮೂಲೆಯಲ್ಲಿ ಹಳೆಯ ಮಾಹಿತಿಯ ತುಣುಕು ಉಳಿದಿದ್ದರೂ ಅದನ್ನು ಓದಲಾಗದು. ಬಿಟ್‌ಲಾಕರ್ ಕೇಳಿದಾಗ ‘ಬಳಸಿದ ಜಾಗ ಮಾತ್ರ’ ಎಂಬುದನ್ನು ಬಿಟ್ಟು ‘ಇಡೀ ಡ್ರೈವ್’ ಎಂಬುದನ್ನೇ ಆರಿಸಿಕೊಳ್ಳಿ.

ಮನೆಯಲ್ಲೇ ಮಾಡುವುದು ಹೇಗೆ?

1. ಮೊದಲು ಬೇಕಾದ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ಬ್ಯಾಕಪ್ ಮಾಡಿ, ಅವು ತೆರೆಯುತ್ತವೆಯೇ ಎಂದು ನೋಡಿ. ಒಮ್ಮೆ ಅಳಿಸಿದ ಮೇಲೆ ನಿಮಗೂ ಸಿಗುವುದಿಲ್ಲ.

2. ಬ್ಯಾಕಪ್ ಡಿಸ್ಕ್, ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳನ್ನು ಕಂಪ್ಯೂಟರಿನಿಂದ ತೆಗೆದಿಡಿ. ಇಲ್ಲದಿದ್ದರೆ ಅವೂ ಅಳಿಸಿಹೋಗಬಹುದು. ಸಿಡಿ ಡ್ರೈವ್ ಒಳಗೆ ಏನಾದರೂ ಉಳಿದಿದೆಯೇ ಎಂದೂ ನೋಡಿ.

3. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ರಿಕವರಿ’ಗೆ ಹೋಗಿ ‘ರೀಸೆಟ್ ದಿಸ್ ಪಿಸಿ’ ಒತ್ತಿ. ‘ರಿಮೂವ್ ಎವೆರಿಥಿಂಗ್’ ಆರಿಸಿ. ಇಷ್ಟಕ್ಕೇ ಮುಂದೆ ಹೋಗಬೇಡಿ. ‘ಚೇಂಜ್ ಸೆಟ್ಟಿಂಗ್ಸ್’ ತೆರೆದು ‘ಕ್ಲೀನ್ ಡೇಟಾ’ ಎಂಬುದನ್ನು ಆನ್ ಮಾಡಿ. ಹಲವರು ಬಿಟ್ಟುಬಿಡುವ ಹಂತ ಇದೇ. ಒಂದಕ್ಕಿಂತ ಹೆಚ್ಚು ಡ್ರೈವ್ ಇದ್ದರೆ ಎಲ್ಲ ಡ್ರೈವ್‌ಗಳನ್ನೂ ಅಳಿಸುವ ಆಯ್ಕೆ ಬರುತ್ತದೆ, ಅದನ್ನೂ ಆರಿಸಿ.

4. ವಿಂಡೋಸ್ 7 ಅಥವಾ ಅದಕ್ಕಿಂತ ಹಳೆಯದಿದ್ದರೆ ‘ಶ್ರೆಡ್‌ಓಎಸ್’ ಎಂಬ ಉಚಿತ ವ್ಯವಸ್ಥೆಯನ್ನು ಪೆನ್ ಡ್ರೈವ್‌ಗೆ ಹಾಕಿ, ಅದರಿಂದ ಕಂಪ್ಯೂಟರ್ ಶುರು ಮಾಡಿ ಡಿಸ್ಕ್ ಅಳಿಸಬಹುದು. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಲು ಬಂದರೆ, ಅಲ್ಲಿ ‘ಕ್ವಿಕ್ ಫಾರ್ಮ್ಯಾಟ್’ ಮುಂದಿನ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಬಹುದು. ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಸೊನ್ನೆ ಬರೆಯುವುದು ಎಂದೇ ಅರ್ಥ. ವಿಂಡೋಸ್ ಎಕ್ಸ್‌ಪಿಯ ಪೂರ್ತಿ ಫಾರ್ಮ್ಯಾಟ್ ಹೀಗೆ ಬರೆಯುವುದಿಲ್ಲ, ಅದನ್ನು ನಂಬಬೇಡಿ.

5. ಕಾಯಿರಿ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಬರೆಯುವ 500 ಜಿಬಿ ಡಿಸ್ಕ್‌ಗೆ ಒಂದು ಬಾರಿ ಬರೆಯಲು ಸುಮಾರು ಒಂದೂವರೆ ಗಂಟೆ ಬೇಕು. ಹಳೆಯ ಡಿಸ್ಕ್‌ಗೆ ಇನ್ನೂ ಹೆಚ್ಚು ಹಿಡಿಯಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇಡಿ.

6. ಕೊನೆಗೆ ರೆಕುವಾದಂತಹ ಸಾಫ್ಟ್‌ವೇರ್ ಹಾಕಿ ನಿಮ್ಮ ಹಳೆಯ ಫೋಟೊ ಯಾವುದಾದರೂ ಸಿಗುತ್ತದೆಯೇ ಎಂದು ನೀವೇ ಹುಡುಕಿ ನೋಡಿ.

ಕೆಲವು ತಪ್ಪು ತಿಳಿವಳಿಕೆಗಳು

*ಆಯಸ್ಕಾಂತ ಉಜ್ಜಿದರೆ ಎಲ್ಲ ಅಳಿಸಿಹೋಗುತ್ತದೆ.* ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತದಿಂದ ಹಾರ್ಡ್ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಇದಕ್ಕೆಂದೇ ಇರುವ ಪ್ರಬಲ ಡಿಗಾಸರ್ ಯಂತ್ರದಿಂದ ಅಳಿಸಬಹುದು, ಆದರೆ ಆಮೇಲೆ ಆ ಡಿಸ್ಕ್ ಬಳಕೆಗೆ ಬರುವುದಿಲ್ಲ. ಎಸ್‌ಎಸ್‌ಡಿ ಮೇಲೆ ಆಯಸ್ಕಾಂತದ ಆಟ ನಡೆಯುವುದೇ ಇಲ್ಲ.

*ನೀರಿಗೆ ಹಾಕಿದರೆ, ಬೆಂಕಿ ತಾಗಿದರೆ ಮುಗಿಯಿತು.* ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ 2003ರ ಫೆಬ್ರವರಿ 1ರಂದು ಛಿದ್ರವಾಯಿತು. ಅದರ ಅವಶೇಷಗಳ ನಡುವೆ ಸುಟ್ಟು ಕರಕಲಾದ ಹಾರ್ಡ್ ಡಿಸ್ಕೊಂದು ಸಿಕ್ಕಿತು. ತಜ್ಞರು ಅದರಿಂದ ಶೇ 99ರಷ್ಟು ಮಾಹಿತಿ ಹೊರತೆಗೆದರು. ಅದರಲ್ಲಿದ್ದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು. ನೋಡಲು ಹಾಳಾಗಿದೆ ಎಂದ ಮಾತ್ರಕ್ಕೆ ಅಳಿಸಿಹೋಗಿದೆ ಎಂದಲ್ಲ.

*ಸಿ ಡ್ರೈವ್‌ಗೆ ಹೊಸ ವಿಂಡೋಸ್ ಹಾಕಿಸಿದ್ದೇವೆ, ಇನ್ನೇನಿಲ್ಲ.* ಡಿ, ಇ ಡ್ರೈವ್‌ಗಳಲ್ಲಿ ಎಲ್ಲವೂ ಹಾಗೆಯೇ ಇರುತ್ತದೆ. ಸಿ ಡ್ರೈವ್‌ನಲ್ಲೂ ಹಳೆಯದು ಪೂರ್ತಿ ಹೋಗಿರುವುದಿಲ್ಲ.

ಕೆಟ್ಟುಹೋದ ಕಂಪ್ಯೂಟರ್ ಇದ್ದರೆ?

ಕಂಪ್ಯೂಟರ್ ಆನ್ ಆಗದಿದ್ದರೂ ಅದರ ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇರಬಹುದು. ಗುಜರಿಗೆ ಹಾಕುವ ಮುನ್ನ ಸ್ಕ್ರೂ ಬಿಚ್ಚಿ ಡಿಸ್ಕ್ ತೆಗೆದುಕೊಳ್ಳಿ, ಬೇರೆ ಕಂಪ್ಯೂಟರಿಗೆ ಜೋಡಿಸಿ ಅಳಿಸಿ. ಡಿಸ್ಕೇ ಕೆಟ್ಟಿದ್ದರೆ ಒಡೆಯುವುದು ಸರಿ. ಒಳಗಿನ ಬಿಲ್ಲೆಗಳಿಗೆ ಡ್ರಿಲ್‌ನಿಂದ ಹಲವು ಕಡೆ ತೂತು ಕೊರೆಯಬೇಕು. ಎಸ್‌ಎಸ್‌ಡಿ ಆದರೆ ಪ್ರತಿಯೊಂದು ಚಿಪ್ ಕೂಡ ತುಂಡಾಗಬೇಕು. ಕೆಲವು ಬಿಲ್ಲೆಗಳು ಗಾಜಿನವು, ಚೂರು ಸಿಡಿಯುತ್ತವೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ಸುಡಬೇಡಿ, ಹೊಗೆ ವಿಷಕಾರಿ. ಉಳಿದ ಚೂರುಗಳನ್ನು ಕಸದ ಗಾಡಿಗೆ ಹಾಕದೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ನಮ್ಮ ತೀರ್ಮಾನ

‘ಡಿಲೀಟ್ ಮಾಡಿದರೆ ಸಾಕು’ ಎಂಬುದು ತಪ್ಪು. ‘ಒಡೆಯದೆ ಬೇರೆ ದಾರಿಯಿಲ್ಲ’ ಎಂಬುದೂ ತಪ್ಪು. ಕೆಲಸ ಮಾಡುವ ಡಿಸ್ಕನ್ನು ಸರಿಯಾಗಿ ಒಂದು ಬಾರಿ ಅಳಿಸಿದರೆ ನಿಮ್ಮ ಮಾಹಿತಿಯೂ ಸುರಕ್ಷಿತ, ಕಂಪ್ಯೂಟರೂ ಇನ್ನೊಬ್ಬರ ಬಳಕೆಗೆ ಬರುತ್ತದೆ. ನಿಮ್ಮ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕಂಪ್ಯೂಟರ್ ಕೊಡುವ ಯೋಚನೆಯಿದ್ದರೆ ಒಂದು ಸಂಜೆಯನ್ನು ಈ ಕೆಲಸಕ್ಕೆ ಎತ್ತಿಡಿ. ಇದನ್ನು ಹಂಚಿಕೊಳ್ಳುವುದಾದರೆ ‘ಕ್ಲೀನ್ ಡೇಟಾ’ ಆನ್ ಮಾಡುವ ಮೂರನೇ ಹಂತವನ್ನು ಬಿಡದೆ ಹಂಚಿಕೊಳ್ಳಿ.