ಕಾಂಗೋ ಕಡತದ ತಾರೀಕುಗಳು

ಬೆಲ್ಜಿಯಂ ಆಳಿದ ಕಾಂಗೋ ಸ್ವತಂತ್ರವಾದದ್ದು 1960ರ ಜೂನ್ 30ಕ್ಕೆ. ಜುಲೈ 5ಕ್ಕೆ ಸೈನ್ಯ ದಂಗೆಯೆದ್ದಿತು. 11ಕ್ಕೆ ತಾಮ್ರದ ಗಣಿಗಳಿದ್ದ ಕಟಾಂಗಾ ಪ್ರಾಂತ್ಯ ತಾನು ಬೇರೆ ದೇಶವೆಂದು ಸಾರಿತು. ಆಳಲು ಬಾರದವರಿಗೆ ಅಧಿಕಾರ ಸಿಕ್ಕರೆ ಆಗುವುದೇ ಹೀಗೆ ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಅದನ್ನು ಪರೀಕ್ಷಿಸಲು ನಾನು, ಬೇರೆ ಬೇರೆ ಸರ್ಕಾರಗಳು ಬೇರೆ ಬೇರೆ ಕಾಲಕ್ಕೆ ಬಯಲಿಗೆ ಬಿಟ್ಟ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು ಓದಿದೆ.

ದಂಗೆಗೆ ಒಳಗಿನ ಕಾರಣ ಇದ್ದದ್ದು ನಿಜ. ಸುಮಾರು 25,000 ಸಿಪಾಯಿಗಳ ಆ ಪಡೆಯ ಅಧಿಕಾರಿಗಳೆಲ್ಲ ಬಿಳಿಯರು. ಸ್ವಾತಂತ್ರ್ಯಕ್ಕೆ ಮುಂಚೆ ಹೇಗೋ ಆಮೇಲೂ ಹಾಗೇ ಎಂದು ಅವರ ದಂಡನಾಯಕ ಜಾನ್ಸೆನ್ಸ್ ಕರಿಹಲಗೆಯ ಮೇಲೆ ಬರೆದು ತೋರಿಸಿದ. ಸಿಪಾಯಿಗಳು ಸಿಡಿದೆದ್ದರು.

ಆದರೆ ಮುಂದಿನ ತಾರೀಕುಗಳನ್ನು ನೋಡಿ. ಆಗಸ್ಟ್ 26: ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು ತೆಗೆಯುವುದು ತುರ್ತಿನ ಗುರಿ ಎಂದು ಸಿಐಎ ಮುಖ್ಯಸ್ಥ ಅಲೆನ್ ಡಲ್ಲೆಸ್ ತಂತಿ ಕಳಿಸಿದರು. ಸೆಪ್ಟೆಂಬರ್ 5: ಅಧ್ಯಕ್ಷ ಕಸವುಬು ಲುಮುಂಬಾರನ್ನು ವಜಾ ಮಾಡಿದರು. 14: ಸೇನೆಯ ಮೊಬುಟು ಅಧಿಕಾರ ಕಿತ್ತುಕೊಂಡರು. ಅಕ್ಟೋಬರ್ 6: ಲುಮುಂಬಾರನ್ನು ಶಾಶ್ವತವಾಗಿ ನಿವಾರಿಸುವುದೇ ಮುಖ್ಯ ಗುರಿ ಎಂದು ಬೆಲ್ಜಿಯಂನ ಆಫ್ರಿಕಾ ಮಂತ್ರಿಯ ತಂತಿ.

ಅಮೆರಿಕದ ಸೆನೆಟ್ ಸಮಿತಿಯ 1975ರ ವರದಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಯಿತು. ಅದರಲ್ಲಿ ಜೋಸೆಫ್ ಶೈಡರ್ ಎಂಬಾತ ಲುಮುಂಬಾರನ್ನು ಕೊಲ್ಲಲು ವಿಷ ತರುತ್ತಾನೆ, ವಿಕ್ಟರ್ ಹೆಡ್ಜ್‌ಮನ್ ಎಂಬಾತ ಇಸಿದುಕೊಳ್ಳುತ್ತಾನೆ. ಎರಡೂ ಹುಸಿ ಹೆಸರು. ಶೈಡರ್ ಎಂದರೆ ಸಿಐಎ ವಿಜ್ಞಾನಿ ಸಿಡ್ನಿ ಗಾಟ್ಲೀಬ್; ಹೆಡ್ಜ್‌ಮನ್ ಎಂದರೆ ರಾಜಧಾನಿ ಲಿಯೋಪೋಲ್ಡ್‌ವಿಲ್‌ನಲ್ಲಿದ್ದ ಸಿಐಎ ಅಧಿಕಾರಿ ಲ್ಯಾರಿ ಡೆವ್ಲಿನ್. ಆತ 2007ರಲ್ಲಿ ಸ್ವಂತ ಹೆಸರಿನಲ್ಲೇ ನೆನಪುಗಳನ್ನು ಬರೆದ. ವಿಷ ಬಳಕೆಯಾಗಲಿಲ್ಲ. 1961ರ ಜನವರಿ 17ರಂದು ಕಟಾಂಗಾದಲ್ಲಿ ಲುಮುಂಬಾ, ಅವರ ಸಂಗಾತಿಗಳಾದ ಎಂಪೋಲೊ, ಒಕಿಟೊ ಮೂವರನ್ನೂ ಗುಂಡಿಟ್ಟು ಕೊಂದಾಗ ಬೆಲ್ಜಿಯಂ ಅಧಿಕಾರಿಗಳು ಅಲ್ಲೇ ಇದ್ದರು. ಕೊಲೆಯಲ್ಲಿ ಸಿಐಎ ನೇರವಾಗಿ ಕೈಹಾಕಿದ್ದಕ್ಕೆ ಸೆನೆಟ್ ಸಮಿತಿಗೆ ಪುರಾವೆ ಸಿಗಲಿಲ್ಲ. ಬೆಲ್ಜಿಯಂ ಸಂಸತ್ತಿನ ತನಿಖೆ 2001ರಲ್ಲಿ ತನ್ನವರಿಗೆ ನೈತಿಕ ಹೊಣೆ ಹೊರಿಸಿತು.

ಆಗ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಅಲ್ಲಿದ್ದ ನಮ್ಮ ರಾಜೇಶ್ವರ ದಯಾಳ್, ಬೆಲ್ಜಿಯನ್ನರು ಮತ್ತೆ ಬಂದು ಆಯಕಟ್ಟಿನ ಜಾಗಗಳಲ್ಲಿ ಕೂರುತ್ತಿದ್ದಾರೆಂದು 1960ರ ನವೆಂಬರ್‌ನಲ್ಲೇ ವರದಿ ಕೊಟ್ಟಿದ್ದರು. ಕೊಲೆಗೆ ಇನ್ನೂ ಎರಡು ತಿಂಗಳಿಗಿಂತ ಹೆಚ್ಚು ಸಮಯವಿತ್ತು. ಆ ವರದಿಗೆ ಕಿವಿಗೊಡಬೇಕಾದವರು ಕೊಡಲಿಲ್ಲ. ಇಡೀ ಕಡತದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದೇ.

ಕಾಂಗೋ ತಾನಾಗಿ ಕುಸಿಯಲಿಲ್ಲ, ಅದನ್ನು ಕೆಡವಲಾಯಿತು ಎಂಬುದು ನನ್ನ ತೀರ್ಮಾನ. ಮೊಬುಟು 1965ರಲ್ಲಿ ಮತ್ತೆ ಗದ್ದುಗೆ ಹಿಡಿದು 1997ರವರೆಗೆ ಆಳಿದರು. ಅಮೆರಿಕದ ವಿದೇಶಾಂಗ ಇಲಾಖೆ 1994ರ ಕಾಂಗೋ ದಾಖಲೆ ಸಂಪುಟದಲ್ಲಿ ಕೈಬಿಟ್ಟಿದ್ದ ರಹಸ್ಯ ಕಾರ್ಯಾಚರಣೆಯ ಕಾಗದಗಳನ್ನು 2013ರಲ್ಲಿ ಪ್ರಕಟಿಸಿತು. ಅದರಲ್ಲೂ ಕೆಲವು ಸಾಲುಗಳು ಮುಚ್ಚಿಯೇ ಇವೆ. ಅವನ್ನೂ ತೆರೆಯಬೇಕು.